ಅವ್ವನ ತಟ್ಟೆ

"ತಟ್ಟೆ ಇಲ್ಲಿಡವ್ವ," ಎಂದು ಗಗನಾ ತಕ್ಕಡಿಯನ್ನು ಒಲೆಯ ಮುಂದಕ್ಕೆ ತಳ್ಳಿದಳು. ಚೆಲುವಮ್ಮ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ಉಣ್ಣೋ ತಟ್ಟೇನ ಯಾರಾದ್ರೂ ತೂಗ್ತಾರೇನೇ? ನಿನ್ ಎಸ್ಟೇಟ್ ಸ್ಟೋರ್ ಅನ್ಕಂಡಿದ್ಯಾ ಇದ್ನ?"

"ಇಡು ಅಂದ್ರೆ ಇಡು. ಮಂಗಳವಾರ ಬಿದ್ದಂಗೆ ಇನ್ನೊಂದ್ಸಲ ಬಿದ್ರೆ ಏಳಾದು ಕಷ್ಟ ಅಂದವ್ರೆ ಡಾಕ್ಟ್ರು."

ಮಂಗಳವಾರ ಮಗ್ಗೆ ಊರಿನ ಆಚೆಗಿರುವ ತಮ್ಮದೇ ಮುಕ್ಕಾಲು ಎಕರೆ ಕಾಫಿಯಲ್ಲಿ ಹಣ್ಣು ಬಿಡಿಸುತ್ತಿದ್ದ ಚೆಲುವಮ್ಮ ಗಿಡದ ಬುಡಕ್ಕೆ ಕುಸಿದಿದ್ದಳು. ಮಗ ಪ್ರತಾಪ್ ಬಾಯಿಗೆ ಸಕ್ಕರೆ ನೀರು ಬಿಟ್ಟ ಮೇಲೆಯೇ ಕಣ್ಣು ಬಿಟ್ಟಿದ್ದು. ರಕ್ತದಲ್ಲಿ ಸಕ್ಕರೆ ತಳ ಮುಟ್ಟಿತ್ತು. "ಇಷ್ಟು ಊಟ ಮಾಡೋರಿಗೆ ಹೀಗಾಗಬಾರದಲ್ಲ," ಎಂದು ಡಾಕ್ಟರು ಗಗನಾಳ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ್ದರು.

ಆ ಫೋನಿನಲ್ಲಿದ್ದ ಲೆಕ್ಕ ಗಗನಾಳದೇ. ಎರಡು ತಿಂಗಳ ಹಿಂದೆ ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ, ತಿಂದಿದ್ದನ್ನೆಲ್ಲ ಬರೆದಿಡುವ ಆ್ಯಪ್ ಹಾಕಿಕೊಂಡಿದ್ದಳು. ಅದರಲ್ಲಿ ಎಲ್ಲೆಲ್ಲಿಯ ತಿಂಡಿಗಳೋ ಇದ್ದವು. ತಮ್ಮ ಮನೆಯ ಮುದ್ದೆ ಇರಲಿಲ್ಲ. ಹೊಸದಾಗಿ ಸೇರಿಸಲು ಹೋದರೆ ಒಂದು ಸಲದ ಪ್ರಮಾಣ ಎಷ್ಟು ಗ್ರಾಂ ಎಂದು ಕೇಳಿತು. ಎಸ್ಟೇಟ್ ಸ್ಟೋರಿನಲ್ಲಿ ಆಳುಗಳ ಹಣ್ಣಿನ ಚೀಲ ತೂಗುವವಳು ಅವಳು. ಅಂದಾಜು ಹಾಕುವ ಜಾಯಮಾನವಲ್ಲ. ಮೆಣಸಿನ ಸ್ಯಾಂಪಲ್ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಮನೆಗೆ ತಂದಳು. ಅಷ್ಟು ಹೊತ್ತಿಗೆ ಎದುರಿಗಿದ್ದದ್ದು ಅಪ್ಪ ನಂಜುಂಡನ ತಟ್ಟೆ. ಅದರಲ್ಲಿದ್ದ ಮುದ್ದೆ ಮುನ್ನೂರ ನಲವತ್ತು ಗ್ರಾಂ ತೂಗಿತು. ಒಂದು ಮುದ್ದೆ ಎಂದರೆ ಅಷ್ಟು ಎಂದು ಆ್ಯಪಿಗೆ ಹಾಕಿದಳು. "ನನ್ನೂ ತೂಗ್ಬುಡು, ಒಂದೇ ಸಲಕ್ಕೆ ಮುಗುದೋಗ್ಲಿ," ಎಂದು ಅವನು ನಕ್ಕಿದ್ದ.

ಆಮೇಲೆ ದಿನಾ ಸ್ಟೋರಿನಿಂದ ಫೋನು. "ಏನುಂಡೆ ಅವ್ವ?" "ಒಂದ್ ಮುದ್ದೆ, ಸಾರು." ಗಗನಾ ಒಂದು ಎಂದು ಒತ್ತುವಳು. ರಾತ್ರಿಗೂ ಒಂದು. ಹೋದ ತಿಂಗಳು ಡಾಕ್ಟರು ಅದನ್ನು ನೋಡಿಯೇ, ಇಷ್ಟು ಉಣ್ಣುವವರಿಗೆ ಒಂದು ಮಾತ್ರೆ ಸಾಲದು ಎಂದು ಎರಡು ಮಾಡಿದ್ದರು.

ಈಗ ಭಾನುವಾರದ ಮಧ್ಯಾಹ್ನ. ಗಂಡಸರ ಊಟವಾಗಿತ್ತು. ಸಂಬಳ ತರುವ ಮಗಳೆಂದು ಗಗನಾ ಕೂಡ ಅವರ ಸಾಲಿನಲ್ಲೇ ಉಂಡು ಏಳುತ್ತಿದ್ದವಳು. ಇಪ್ಪತ್ತಾರು ವರ್ಷದಲ್ಲಿ ಅವ್ವನ ತಟ್ಟೆಯೊಳಗೆ ಏನಿರುತ್ತದೆಂದು ಅವಳು ಒಂದು ದಿನವೂ ಇಣುಕಿರಲಿಲ್ಲ.

ಕೈ ಹಿಡಿದೆಳೆದು ಸೆರಗು ಸರಿಸಿದಳು. ನಿಂಬೆಹಣ್ಣಿಗಿಂತ ಒಂಚೂರು ದೊಡ್ಡ ಉಂಡೆ. ಪಕ್ಕದಲ್ಲಿ ಪಾತ್ರೆಯ ತಳ ಹಿಡಿದಿದ್ದನ್ನು ಕೆರೆದ ಸೀಕಲು. ತಟ್ಟೆಯ ತೂಕ ಕಳೆದರೆ ಎರಡೂ ಸೇರಿ ನೂರ ಎಂಟು ಗ್ರಾಂ.

"ದಿನಾ ಒಂದ್ ಮುದ್ದೆ ಅಂತಿದ್ಯಲ್ಲವ್ವ!"

"ಇದೂ ಮುದ್ದೆನೇ ಅಲ್ವಾ? ನಾನೇನ್ ಸುಳ್ಳೇಳಿದ್ನಾ? ನಮ್ಮತ್ತೇನೂ ಇಷ್ಟೇ ಉಣ್ತಿದ್ದಿದ್ದು. ಹೆಂಗಸ್ರಿಗೆ ಇಷ್ಟೇ ಕಣೆ."

ಜಗಲಿಯಿಂದ ನಂಜುಂಡ ಕೂಗಿದ. "ಏನದು ಗಲಾಟೆ? ವಾಡೆ ತುಂಬ ರಾಗಿ ಐತೆ, ನಾನೇನು ಉಣ್ಬೇಡ ಅಂದಿದ್ನಾ ಅವ್ಳಿಗೆ?"

"ಬೇಡ ಅನ್ನಲಿಲ್ಲ ಕಣಪ್ಪ. ಉಂಡ್ಯಾ ಅಂತ್ಲೂ ಕೇಳಲಿಲ್ಲ."

ಎಂದಳೇನೋ ನಿಜ, ತಾನೂ ಫೋನಿನಲ್ಲಿ ಏನುಂಡೆ ಎಂದಿದ್ದಳೇ ಹೊರತು ಎಷ್ಟುಂಡೆ ಎಂದು ಕೇಳಿರಲಿಲ್ಲ. ಆ್ಯಪ್ ತೆರೆದು ಮುನ್ನೂರ ನಲವತ್ತನ್ನು ಅಳಿಸಿ ನೂರ ಎಂಟು ಹಾಕಿದಳು. ಹಿಂದಿನ ದಿನಗಳಿಗೂ ಇದೇ ಪ್ರಮಾಣ ಹಾಕಬೇಕೆ ಎಂದು ಕೇಳಿತು. ಹೌದು ಎಂದು ಒತ್ತಿದಳು. ಅರವತ್ತು ದಿನಗಳ ಉದ್ದನೆಯ ಗೆರೆಗಳು ಒಂದರ ಹಿಂದೊಂದು ಕುಸಿದು ಬೆರಳುದ್ದದಿಂದ ಒಂದು ಗೆಣ್ಣಿನಷ್ಟಕ್ಕೆ ಬಂದವು. ಹೋದ ತಿಂಗಳಿಂದ ಅವ್ವ ಅಷ್ಟೇ ಊಟದ ಮೇಲೆ ಎರಡೆರಡು ಮಾತ್ರೆ ನುಂಗಿ ತೋಟಕ್ಕೆ ಹೋಗಿದ್ದಳು.

ಮಾರನೆಯ ದಿನ ರಜೆ ಹಾಕಿ ಗಗನಾ ಬೆಳಿಗ್ಗೆಯೇ ಡಾಕ್ಟರಿಗೆ ಫೋನು ಮಾಡಿದಳು. ಮಾತ್ರೆ ಒಂದಕ್ಕಿಳಿಯಿತು, ಅದರ ಮೇಲೆ ಹೊಟ್ಟೆಗೆ ಸರಿಯಾಗಿ ಬೀಳಲೇಬೇಕು ಎಂದರು. ಮಧ್ಯಾಹ್ನ ತಾನೇ ಹಿಟ್ಟು ತೊಳಸಿ, ನಾಲ್ಕೂ ತಟ್ಟೆಗಳನ್ನು ಒಂದೇ ಸಾಲಿಗೆ ಹಾಕಿ, ಅವ್ವನನ್ನು ಎಳೆದು ಕೂರಿಸಿದಳು. ಪ್ರತಿ ಖಾಲಿ ತಟ್ಟೆಯನ್ನೂ ತಕ್ಕಡಿಯ ಮೇಲಿಟ್ಟು, ಅದರ ತೂಕ ಲೆಕ್ಕಕ್ಕೆ ಬಾರದಂತೆ ಸೊನ್ನೆ ಮಾಡಿ ಇನ್ನೂರಿಪ್ಪತ್ತು ಗ್ರಾಮಿನ ಮುದ್ದೆ ಇಕ್ಕಿದಳು. ಕೊನೆಯದು ಅವ್ವನದು.

"ಇದೇನಮ್ಮಿ, ಅಂಗನವಾಡಿ ಮಕ್ಳಿಗಿಕ್ದಂಗೆ ಇಕ್ಕಿದೀಯ?" ಎಂದ ನಂಜುಂಡ.

"ಸಾಲ್ದಿದ್ರೆ ಪಾತ್ರೇಲಿ ಇನ್ನೂ ಐತೆ. ಎದ್ದು ಹಾಕ್ಕಳಿ."

ಪ್ರತಾಪ್ ತಲೆ ತಗ್ಗಿಸಿ ಮುರಿದುಕೊಂಡ. ಯಾರೂ ಏಳಲಿಲ್ಲ.

ಗಗನಾ ನೀರು ತರಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅವ್ವನ ಮುದ್ದೆಯ ಅರ್ಧ ಅಪ್ಪನ ತಟ್ಟೆಯಲ್ಲಿತ್ತು. ಅವನು ಗೋಡೆ ನೋಡಿಕೊಂಡು ಅದನ್ನು ಹುರುಳಿ ಸಾರಿಗೆ ಅದ್ದುತ್ತಿದ್ದ. ಚೆಲುವಮ್ಮ ಆಗಲೇ ಎದ್ದು ಒಲೆಯ ಪಕ್ಕ ಕೂತು ಪಾತ್ರೆಯ ತಳ ಕೆರೆಯುತ್ತಿದ್ದಳು. ಅವಳ ತಟ್ಟೆ ಎತ್ತಿದ ಮೇಲೆ ಬರಿದಾಗಿ ಉಳಿದಿದ್ದ ತಕ್ಕಡಿ ನೆಲದ ಮೇಲೆ ಆ ತಟ್ಟೆಯಷ್ಟೇ ತೂಕವನ್ನು ಮೈನಸ್ ಮುನ್ನೂರ ಹನ್ನೆರಡು ಎಂದು ತೋರಿಸುತ್ತಿತ್ತು. ಗಗನಾ ಚೊಂಬು ಹಿಡಿದು ನೋಡುತ್ತ ನಿಂತಿದ್ದಂತೆಯೇ ಅದು ತನ್ನಷ್ಟಕ್ಕೆ ಆರಿತು.