ಖಾಲಿ ಹಾಲ್‌ನಲ್ಲಿ ಅರ್ಧ ವೇಗ

“ಶೈಲಶ್ರೀ, ನಿಜ ಹೇಳಿ. ಆ ನೂರನಲವತ್ತು ನೀವು ನೋಡಿದ್ದು ಹೌದಾ?”

ಮ್ಯಾನೇಜರ್ ಮೋಹನದಾಸ್ ಕೇಳಿದ್ದು ಮೆಲ್ಲಗೇ. ಅವರು ಜೋರು ಮಾಡಿದ್ದರೆ ಅವಳೂ ಜೋರಾಗಿ ಉತ್ತರಿಸಬಹುದಿತ್ತು. ಹಾಲ್‌ನ ಈ ತುದಿಯಲ್ಲಿ ಕಂಪನಿಯ ಹೊಸ ರೂಟರ್, ಆ ತುದಿಯಲ್ಲಿ ಲ್ಯಾಪ್‌ಟಾಪ್. ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಮಾಹಿತಿ ಹರಿಯುವ ವೇಗ ಪರದೆಯ ಮೇಲೆ ಎಪ್ಪತ್ತು ಮೆಗಾಬಿಟ್ಟಿನ ಹತ್ತಿರ ಕುಂಟುತ್ತಿತ್ತು. ದಸರೆಗೆ ಮುಂಚೆ ಅವಳು ಅಳೆದಾಗ ಅದು ಇದರ ಎರಡರಷ್ಟಿತ್ತು. ಅವಳ ಮಾತು ನಂಬಿ ಮೋಹನದಾಸ್ ಗಿರಾಕಿಗಳಿಗೆ ತಿಳಿಸಿಯೂ ಆಗಿತ್ತು. ಸೋಮವಾರ ಅವರು ಕಣ್ಣಾರೆ ನೋಡಲು ಬರುವವರಿದ್ದರು.

“ಹೌದ್ರಿ ಸರ್. ನನ್ನ ಕಣ್ಣಿಂದನ ನೋಡೇನ್ರಿ.”

“ಮತ್ತೆ ಈಗ ಎಂತ ಆಯ್ತು? ನಿಮ್ಮ ಪೂಜೆಯ ಕುಂಕುಮ ಒಳಗೆ ಹೋಯ್ತಾ?”

ಅದು ಎರಡು ಸಾವಿರದ ಏಳನೇ ಇಸವಿ. ವೈರ್‌ಲೆಸ್‌ನ ಹೊಸ ಮಾನದಂಡ ಇನ್ನೂ ಕರಡಿನಲ್ಲೇ ಇತ್ತು. ಅದನ್ನು ಪರೀಕ್ಷಿಸುವುದು ಹೇಗೆಂದು ಎಲ್ಲರೂ ತಡಕಾಡಿಯೇ ಕಲಿಯುತ್ತಿದ್ದರು. ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇ ಪೂಜೆ ಇಲ್ಲೂ ಆಗಲೇಬೇಕೆಂದು ಹಟ ಹಿಡಿದವಳು ಶೈಲಶ್ರೀ. ಖಡಕಿ ಬಡಾವಣೆಯ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ ಅವಳ ಅಪ್ಪ ಮನೆಯ ಸ್ಕ್ರೂಡ್ರೈವರಿಗೂ ಹೂ ಏರಿಸುತ್ತಿದ್ದರು. ರೂಟರ್ ಏನು ಪಾಪ ಮಾಡಿತ್ತು? ಕಬ್ಬಿಣದ ಕಪಾಟು, ಹಳೆಯ ರ‍್ಯಾಕುಗಳನ್ನೆಲ್ಲ ಹೊರಗೆ ಸಾಗಿಸಿ, ಹಾಲ್ ತೊಳೆಸಿ, ಆಮೇಲೆಯೇ ಕುಂಕುಮ ಹಚ್ಚಿದ್ದಳು. ಈಗ ಎಲ್ಲರ ಕಣ್ಣೂ ಆ ಚಿಟಿಕೆ ಕುಂಕುಮದ ಮೇಲೆ. ರೂಟರ್ ಬಿಚ್ಚಿ ಒರೆಸಿದ್ದಾಯಿತು, ಬೇರೆ ರೂಟರ್ ಇಟ್ಟು ನೋಡಿದ್ದಾಯಿತು, ಎಪ್ಪತ್ತು ಜಗ್ಗಲಿಲ್ಲ. ಎಲ್ಲರ ಮುಂದೆ ಅವಳು ಸುಳ್ಳಿಯಾಗಿದ್ದಳು.

ಶನಿವಾರ ಮಧ್ಯಾಹ್ನ ರೂಟರ್, ಲ್ಯಾಪ್‌ಟಾಪ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಖಡಕಿಯ ಮನೆಗೆ ತಂದಳು. ತಪ್ಪು ಯಂತ್ರದ್ದೋ ತನ್ನದೋ ಗೊತ್ತಾಗಲೇಬೇಕಿತ್ತು. ಎರಡೇ ಕೋಣೆಯ ಮನೆ. ಅಡುಗೆಮನೆಯ ಕಟ್ಟೆಯ ಮೇಲೆ ರೂಟರ್ ಇಟ್ಟು, ಹೊರಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಳು.

“ಯಾಕವಾ, ಮಾರಿ ಇಷ್ಟ ಸಣ್ಣದು ಮಾಡ್ಕೊಂಡಿ?” ತಾಯಿ ಚನ್ನಬಸವ್ವ ಕೇಳಿದಳು. “ಮೊದ್ಲ ಒಂದು ರೊಟ್ಟಿ ತಿನ್ನು.”

“ಆಮ್ಯಾಲೆ ತಿಂತೀನಿ ಬೇ. ನಾ ಸುಳ್ಳ ಹೇಳೇನಿ ಅಂತ ತಿಳ್ಕೊಂಡಾರ ಸಾಹೇಬ್ರು.”

“ಅವ್ರಿಗೇನು ಬುದ್ಧಿ ಅದನೋ ಇಲ್ಲೋ! ತಡಿ, ಈ ಟ್ರಂಕ ನಿನಗ ಅಡ್ಡ ಆಗ್ತದ, ಹೊರಗ ಸರಸ್ತೀನಿ.”

ಪರದೆಯ ಮೇಲೆ ನೂರಮೂವತ್ತು ದಾಟಿತ್ತು. ಶೈಲಶ್ರೀ ಮತ್ತೊಮ್ಮೆ ಅಳೆದಳು. ಅಷ್ಟೇ ಬಂತು. ತಲೆಯೆತ್ತಿ ನೋಡಿದರೆ ಸುತ್ತಲೂ ಬರೀ ಲೋಹ: ತಿಜೋರಿ, ಒಂದರ ಮೇಲೊಂದು ಟ್ರಂಕು, ಗೋಡೆ ತುಂಬ ಪಾತ್ರೆಯ ಸ್ಟ್ಯಾಂಡು.

“ಟ್ರಂಕ ಮುಟ್ಟಬ್ಯಾಡ ಬೇ!” ಎಂದು ಕೂಗಿ, ಹಣೆ ಬಡಿದುಕೊಂಡು ನಕ್ಕುಬಿಟ್ಟಳು.

ಹೊಸ ಮಾನದಂಡದಲ್ಲಿ ಮಾಹಿತಿ ಒಟ್ಟಿಗೇ ಎರಡು ಧಾರೆಯಾಗಿ ಹೊರಡುತ್ತದೆ. ಗೋಡೆಗೆ, ಕಬ್ಬಿಣಕ್ಕೆ ಬಡಿದು ಬೇರೆ ಬೇರೆ ದಾರಿಯಲ್ಲಿ ಬಂದರಷ್ಟೇ ಅವು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಬೋಳು ಹಾಲ್‌ನಲ್ಲಿ ಎರಡೂ ನೇರ ಒಂದೇ ದಾರಿ ಹಿಡಿದು ಸಿಕ್ಕುಬಿದ್ದು, ಒಂದೇ ಧಾರೆಯ ಕೆಲಸವಷ್ಟೇ ಆಗುತ್ತಿತ್ತು. ಇದನ್ನೆಲ್ಲ ಅವಳು ಕರಡಿನಲ್ಲಿ ಎಷ್ಟೋ ಸಲ ಓದಿದ್ದಳು. ಪೂಜೆಗೆ ಹಾಲ್ ಚೊಕ್ಕ ಮಾಡುವ ಭರದಲ್ಲಿ ಒಂದೂ ನೆನಪಾಗಿರಲಿಲ್ಲ. ಸುದ್ದಿಯನ್ನು ಮೋಹನದಾಸರಿಗೆ ಫೋನಿನಲ್ಲಿ ಹೇಳಿ, ಎರಡು ರೊಟ್ಟಿ ತಿಂದು, ಬಹಳ ದಿನಗಳ ಮೇಲೆ ನೆಮ್ಮದಿಯಿಂದ ಮಲಗಿದಳು.

ಭಾನುವಾರ ಬೆಳಿಗ್ಗೆ ಅವಳೂ ಮೋಹನದಾಸರೂ ಸೇರಿ ಕಪಾಟುಗಳನ್ನು ಒಳಕ್ಕೆ ಎಳೆದರು. ಒಂದೊಂದು ಒಳಬಂದಂತೆ ವೇಗ ಏರುತ್ತ ಹೋಗಿ, ಕೊನೆಗೆ ನೂರನಲವತ್ತಕ್ಕೆ ಮುಟ್ಟಿತು. ಮೋಹನದಾಸ್ ಬೆವರು ಒರೆಸಿಕೊಂಡು ಕಿವಿಯವರೆಗೆ ನಕ್ಕರು.

“ಬದುಕಿದೆವು ಮಾರಾಯ್ತಿ! ನಾಳೆ ಇದನ್ನೇ ತೋರಿಸಿದ್ರೆ ಆಯ್ತು.”

“ಬ್ಯಾಡ್ರಿ ಸರ್. ಎಪ್ಪತ್ತೂ ಖರೇನ ಅದ. ಖಾಲಿ ಮನ್ಯಾಗ ಇಷ್ಟು, ಸಂಸಾರ ತುಂಬಿದ ಮನ್ಯಾಗ ಇಷ್ಟು ಅಂತ ಇವತ್ತ ಅವ್ರಿಗೆ ಬರದು ತಿಳಿಸೋಣ್ರಿ.”

“ಅದು ಕೇಳಿ ಅವರು ಬೇಡ ಅಂದ್ರೆ?”

“ನಾಳೆ ಅವ್ರ ಮನ್ಯಾಗ ಎಪ್ಪತ್ತು ಬಂದ್ರ, ನೀವು ಮತ್ತ ನನ್ನನ್ನ ಕೇಳ್ತೀರಿ, ನೋಡಿದ್ದು ಹೌದಾ ಅಂತ.”

ಮೋಹನದಾಸರ ನಗು ಇಳಿಯಿತು. ಆಮೇಲೆ ತಮ್ಮ ಲ್ಯಾಪ್‌ಟಾಪಿನಲ್ಲಿ ಗಿರಾಕಿಗಳ ಮೇಲ್ ತೆರೆದು ಅವಳತ್ತ ಸರಿಸಿದರು.

“ನೀವೇ ಬರೆದು ಕಳಿಸಿ.”

“ಕಳಸೋ ಮೊದ್ಲ ಒಮ್ಮೆ ನೋಡ್ತೀರೇನ್ರಿ?”

“ಅಳೆದದ್ದು ನೀವಲ್ವಾ? ನಾನು ಎಂತ ನೋಡುವುದು?” ಎಂದವರೇ ಚಹಾ ತರುತ್ತೇನೆಂದು ಹೊರಟರು.

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಶೈಲಶ್ರೀ ಕುರ್ಚಿ ಎಳೆದುಕೊಂಡು ಕೂತು, ಮೊದಲು ಎಪ್ಪತ್ತು ಎಂದು ಟೈಪ್ ಮಾಡಿದಳು.