ನಾಲ್ಕು ಮೊಲೆ, ನಾಲ್ಕು ಕಾಗದ

ಸಿಂಧಘಟ್ಟದಾಚೆಯ ಸಣ್ಣ ಊರೊಂದರಲ್ಲಿ ಚಿಕ್ಕಬೋರಮ್ಮ ಪ್ರತಿ ಸೋಮವಾರವೂ ತನ್ನ ಒಂದೇ ಹಸುವಿನ ಮೊದಲ ಲೋಟ ಹಾಲನ್ನು ಈಶ್ವರನ ಲಿಂಗಕ್ಕೆ ಎರೆದು ಬಂದೇ ಮಿಕ್ಕದ್ದನ್ನು ಡೈರಿಗೆ ಹಾಕುವುದು. ಗಂಡ ತೀರಿಕೊಂಡ ವರ್ಷವೂ ಅದು ತಪ್ಪಿರಲಿಲ್ಲ.

ಆ ಸೋಮವಾರ ಡೈರಿಯ ತಿಮ್ಮರಾಜು ಹಾಲು ಪರೀಕ್ಷಿಸುವ ಹಳದಿ ಕಾಗದದ ಚೂರನ್ನು ಅವಳ ಕ್ಯಾನಿಗೆ ಅದ್ದಿದ. ಎಲ್ಲರ ಹಾಲಿಗೂ ಹಳದಿಯಾಗಿಯೇ ಉಳಿದದ್ದು ಅವಳ ಹಾಲಿಗೆ ಹಸಿರಾಗಿಬಿಟ್ಟಿತು.

"ಬೋರಕ್ಕ, ಹಾಲು ಒಡೀಬಾರ್ದು ಅಂತ ಸೋಡಾ ಏನಾರ ಹಾಕಿದ್ಯಾ?" ಅವನು ದನಿ ತಗ್ಗಿಸಿಯೇ ಕೇಳಿದ.

"ಈಶ್ವರನಾಣೆ ಇಲ್ಲ ಕಣ್ಲಾ!"

ಹಿಂದೆ ನಿಂತಿದ್ದ ಪಕ್ಕದ ಮನೆಯ ಪುಟ್ಟಗೌರಮ್ಮ ಸುಮ್ಮನಿರಲಿಲ್ಲ. "ಅಂಗಾರೆ ಆ ಈಶ್ವರಂಗೂ ಸೋಡಾ ಹಾಲೇ ಎರ್ದ್ ಬಂದಿದ್ದೀಯ ಅನ್ನು!" ಸಾಲಿಗೆ ಸಾಲೇ ನಕ್ಕಿತು.

ಹಾಲು ವಾಪಸು ಬಂತು. ಚಿಕ್ಕಬೋರಮ್ಮ ಅತ್ತದ್ದು ಅದಕ್ಕಲ್ಲ. ತಾನು ದೇವರಿಗೆ ಎರೆದದ್ದು ಸುಳ್ಳು ಹಾಲೇ? ಸೋಪಿನ ಪುಡಿ ಅಂಟಿತ್ತೇನೋ ಎಂದು ಕ್ಯಾನನ್ನು ಬರೀ ಬಿಸಿನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದಳು. ಮರುದಿನವೂ ಕಾಗದ ಹಸಿರೇ.

ತಿಮ್ಮರಾಜುವಿಗೂ ಮನಸ್ಸು ತಡೆಯಲಿಲ್ಲ. ಪಶುವೈದ್ಯೆ ಫರ್ಹತ್ ಅವರನ್ನು ಕರೆದುಕೊಂಡು ಬಂದ. ಅವರು ಹಸುವಿನ ಒಂದೊಂದು ಮೊಲೆಯಿಂದಲೂ ಬೇರೆ ಬೇರೆಯಾಗಿ ಹಾಲು ಹಿಂಡಿ, ಒಂದೊಂದಕ್ಕೂ ಒಂದು ಕಾಗದ ಅದ್ದಿದರು. ಮೂರು ಹಳದಿ. ಹಿಂದಿನ ಎಡಮೊಲೆಯದ್ದು ಮಾತ್ರ ಕಡು ಹಸಿರು. ಅಲ್ಲಿ ಕೈ ತಾಗುತ್ತಲೇ ಹಸು ಕಾಲು ಝಾಡಿಸಿತು.

"ಒಂದೇ ಮೊಲೆಯೊಳಕ್ಕೆ ಸೋಡಾ ಹಾಕೋಕೆ ಯಾರಿಂದ ಆಗ್ತದೆ, ತಿಮ್ಮರಾಜು?" ಎಂದರು ಫರ್ಹತ್. "ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ ಅಜ್ಜಿ? ಈ ಕಾಗದದ ಬಣ್ಣಾನೂ ಅಂಗೇ, ಕ್ಷಾರ ತಾಕಿದ್ರೆ ಹಸಿರಾಗ್ತದೆ. ಅದು ಸೋಡಾದ ಕ್ಷಾರವೋ ರೋಗದ್ದೋ, ಕಾಗದಕ್ಕೇನು ಗೊತ್ತು? ಕೆಚ್ಚಲು ಬಾವು ಬಂದದೆ. ಆಗ ರಕ್ತದ ಕ್ಷಾರದಂಶ ಹಾಲಿಗೆ ಇಳೀತದೆ."

"ಅಂಗಾರೆ ನಾನು ಸುಳ್ಳು ಹಾಲು ಎರ್ದಿಲ್ಲ, ಅಲ್ವಾ ಡಾಕ್ಟ್ರಮ್ಮ?"

"ಇಲ್ಲ ಅಜ್ಜಿ."

ಚಿಕ್ಕಬೋರಮ್ಮ ಹಸುವಿನ ಕೊರಳು ತಬ್ಬಿಕೊಂಡಳು. "ನನ್ನ ಮಾನದ ಚಿಂತೇಲಿ ನಿನ್ನ ನೋವೇ ಕಾಣ್ಲಿಲ್ವಲ್ಲೇ ತಾಯಿ."

ವಾಸಿಯಾಗುವವರೆಗೆ ಆ ಹಾಲನ್ನು ಬಳಸುವಂತಿರಲಿಲ್ಲ. ಮುಂದಿನ ಸೋಮವಾರ ಅವಳು ಲೋಟಕ್ಕೆ ನೀರು ತುಂಬಿಕೊಂಡು ಹೊರಟಳು. ಬಾಗಿಲಲ್ಲಿ ಪುಟ್ಟಗೌರಮ್ಮ ನಿಂತಿದ್ದಳು, ಸೆರಗಿನ ಮರೆಯಲ್ಲಿ ಒಂದು ಲೋಟ ಹಾಲು.

"ನಮ್ಮ ಹಸುವಿಂದು. ಇವತ್ತು ಇದ್ನೇ ಎರೀ." ತಲೆ ಎತ್ತಲಿಲ್ಲ.

ಚಿಕ್ಕಬೋರಮ್ಮ ಲೋಟದೊಳಗೆ ಇಣುಕಿದಳು. "ಕಾಗದ ಅದ್ದುಸ್ಕೊಂಡು ಬಂದಿದ್ದೀಯೇನಮ್ಮಿ?"

ಪುಟ್ಟಗೌರಮ್ಮನಿಗೆ ಮೊದಲು ಅಳು ಬಂತು, ಆಮೇಲೆ ನಗು. ಇಬ್ಬರೂ ಗುಡಿಯ ದಾರಿ ಹಿಡಿದರು. ಹಾಲಿನ ಲೋಟ ಚಿಕ್ಕಬೋರಮ್ಮನ ಕೈಯಲ್ಲಿತ್ತು, ನೀರಿನದು ಪುಟ್ಟಗೌರಮ್ಮನ ಕೈಯಲ್ಲಿ.