ಶಾಲೆ ಬಿಟ್ಟ ಮೇಲಿನ ಮೂರು ಗಂಟೆ

ಶಾಲೆ ನಾಲ್ಕಕ್ಕೆ ಬಿಡುತ್ತದೆ. ಅಮ್ಮನ ಕೆಲಸ ಮುಗಿಯುವುದು ಏಳಕ್ಕೆ. ನಡುವಿನ ಮೂರು ಗಂಟೆ ಮಗಳನ್ನು ಎಲ್ಲಿ ಬಿಡುವುದು? ಬೀದಿಗೆ ಬಿಡಲು ಭಯ, ಕೋಣೆಯಲ್ಲಿ ಕೂಡಿಹಾಕಲು ಮನಸ್ಸಿಲ್ಲ. ಹಾಗಾಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಆ ತಾಯಿ ಏಳನೇ ತರಗತಿಯ ಮಗಳನ್ನು ತನ್ನ ಮೇಜಿನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು.

ಆದರೆ ಲಾಂಡ್ರಿಯಲ್ಲಿ ಸುಮ್ಮನೆ ಕೂತವರಿಗೆ ಜಾಗವಿಲ್ಲ. ಚೂಟಿ, ಮನೆಯಲ್ಲಿ ಮಗಳನ್ನು ಕರೆಯುವುದೇ ಹಾಗೆ, ಮೊದಲು ಗುಂಡಿ ಕಿತ್ತ ಅಂಗಿಗಳನ್ನು ಬೇರೆ ಮಾಡಿಕೊಟ್ಟಳು. ಆಮೇಲೆ ಬಟ್ಟೆ ಮಡಿಸಿದಳು. ಈಗ ಒಗೆದು ಬಂದ ಬಟ್ಟೆಗಳನ್ನು ನಂಬರ್ ನೋಡಿ ಆಯಾ ಗಿರಾಕಿಯ ಗಂಟಿಗೆ ಸೇರಿಸುವುದು ಪೂರ್ತಿ ಅವಳ ಪಾಲಿಗೆ ಬಂದಿತ್ತು. ಲೆಕ್ಕದ ಪುಸ್ತಕ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಹಾಳೆ ಮಾತ್ರ ತಿರುಗುತ್ತಿರಲಿಲ್ಲ. ಎರಡು ಕಿರುಪರೀಕ್ಷೆಯಲ್ಲೂ ಲೆಕ್ಕದಲ್ಲಿ ಫೇಲಾದಳು.

"ವರ್ಷದ ಪರೀಕ್ಷೆ ಮುಗೀಲಿ, ಇಲ್ಲೇ ಕೆಲಸಕ್ಕೆ ಹಾಕ್ಬಿಡು. ಕೈ ಚುರುಕಿದೆ. ತಲೆಗೆ ಹತ್ತದ್ದನ್ನ ಎಷ್ಟು ದಿನ ಅಂತ ತುರುಕ್ತೀಯ?" ಎಂದ ಮಾಲೀಕ.

ತಾಯಿ ಹೂಂ ಅಂದುಬಿಟ್ಟಳು.

ಆ ವಾರ ಪಕ್ಕದ ರಸ್ತೆಯ ಮಕ್ಕಳ ಸಂಜೆ ಕೇಂದ್ರದಿಂದ ಹದಿನಾಲ್ಕು ಫುಟ್‌ಬಾಲ್ ಜೆರ್ಸಿಗಳು ಒಗೆಯಲು ಬಂದವು. ಲಾಂಡ್ರಿಯಲ್ಲಿ ಪ್ರತಿ ಗಿರಾಕಿಗೂ ಒಂದು ನಂಬರ್ ಇದೆ. ಅದನ್ನು ಬರೆದ ಬಟ್ಟೆಚೂರನ್ನು ಒಳಬದಿಗೆ ಪಿನ್ ಮಾಡುತ್ತಾರೆ. ಜೆರ್ಸಿಗಳ ಬೆನ್ನ ಮೇಲೇ ಅಷ್ಟು ದೊಡ್ಡ ನಂಬರ್ ಇರುವಾಗ ನಿದ್ದೆಗಣ್ಣಿನ ಚೂಟಿ ಒಳಗೆ ನೋಡಲೇ ಇಲ್ಲ. ಏಳರ ಜೆರ್ಸಿ ಏಳನೇ ಗಿರಾಕಿಯ ಗಂಟಿಗೆ ಹೋಯಿತು, ಹತ್ತರದ್ದು ಹತ್ತನೆಯವರ ಗಂಟಿಗೆ.

ಮರುದಿನ ಬೆಳಿಗ್ಗೆ ಏಳನೇ ಗಿರಾಕಿ, ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು, ಹಳದಿ ಜೆರ್ಸಿ ಹಿಡಿದು ಬಂದರು. "ಏನಮ್ಮಾ, ನನ್ನನ್ನ ಯಾವ ಟೀಮಿಗೆ ಆರಿಸಿದ್ದೀರಿ? ಮೊಣಕಾಲು ನೋವಿದೆ, ಗೋಲ್‌ಕೀಪರ್ ಆಗ್ಲಾ?"

ಎಲ್ಲರೂ ನಕ್ಕರು. ಮಾಲೀಕ ನಗಲಿಲ್ಲ. ಆ ಸಂಜೆ ತಾಯಿ ಕೆಲಸ ಮುಗಿಯುವ ಮೊದಲೇ ಹೊರಟು, ಮಗಳನ್ನು ಕರೆದುಕೊಂಡು ಮನೆ ಮನೆ ಅಲೆದು ಜೆರ್ಸಿಗಳನ್ನೆಲ್ಲ ಕೂಡಿಸಿ, ಬೈಸಿಕೊಳ್ಳಲು ತಯಾರಾಗಿಯೇ ಕೇಂದ್ರಕ್ಕೆ ಹೋದಳು.

ಅದು ಹಳೆಯ ಗೋದಾಮು. ಒಳಗೆ ಮಕ್ಕಳು ಬೆಂಚುಗಳ ಮೇಲೆ ಬಗ್ಗಿ ಬರೆಯುತ್ತಿದ್ದರು, ಹಿಂದೆ ಮೈದಾನ. ಕೊರಳಲ್ಲಿ ಪೀಪಿ ನೇತುಹಾಕಿಕೊಂಡ ಹೆಂಗಸೊಬ್ಬಳು ಎದ್ದು ಬಂದಳು. ಮಕ್ಕಳು ಅವಳನ್ನು ಪೀಪಿ ಅಕ್ಕ ಎನ್ನುತ್ತಿದ್ದರು.

"ತಪ್ಪಾಯ್ತು ಮೇಡಂ. ಇವಳ ಕೈಲಿ ಆಗಿದ್ದು."

"ಬಟ್ಟೆ ಸಿಕ್ತಲ್ಲ, ಬಿಡಿ. ಇಷ್ಟು ಚಿಕ್ಕವಳು ಲಾಂಡ್ರೀಲಿ ಯಾಕಿದ್ದಾಳೆ?"

"ನನ್ನ ಕಣ್ಣೆದುರಿಗೆ ಇರ್ತಾಳೆ ಅಂತ."

"ನೀವು ಇಸ್ತ್ರಿಪೆಟ್ಟಿಗೆ ನೋಡ್ತೀರೋ, ಮಗಳನ್ನ ನೋಡ್ತೀರೋ?"

ತಾಯಿಗೆ ಸಿಟ್ಟು ಬಂತು. ಜೆರ್ಸಿಗಳ ಗಂಟನ್ನು ಬೆಂಚಿನ ಮೇಲೆ ಕುಕ್ಕಿದಳು.

"ಇಲ್ಲಿಗೆ ಕಳಿಸಿ," ಎಂದಳು ಪೀಪಿ ಅಕ್ಕ.

"ಲೆಕ್ಕಾನೇ ಬರಲ್ಲ ಇವಳಿಗೆ. ಆಟ ಬೇರೆ ಕೇಡು!"

"ಮೊದಲು ಒಂದೂವರೆ ಗಂಟೆ ಪಾಠ. ಅದು ಮುಗಿದ ಮೇಲೇ ಚೆಂಡು. ಸುಳ್ಳ್ಯಾಕೆ ಹೇಳ್ಲಿ, ಬರೀ ಪಾಠ ಅಂದ್ರೆ ಇವರಲ್ಲಿ ಅರ್ಧ ಜನ ಈ ಕಡೆ ತಲೆ ಹಾಕಲ್ಲ. ಆಟಕ್ಕೆ ಅಂತ ಬರ್ತಾರೆ, ಬಂದವರು ಕಲೀತಾರೆ."

"ದುಡ್ಡು?"

"ಇಲ್ಲ."

"ಬಚ್ಚಲಿಗೆ ಚಿಲಕ ಇದೆಯಾ?"

"ಹೋಗಿ ಹಾಕಿ ನೋಡಿ."

ತಾಯಿ ನಿಜಕ್ಕೂ ಹೋದಳು. ಒಳಗಿನಿಂದ ಚಿಲಕ ಹಾಕಿ ಬಾಗಿಲನ್ನು ಎರಡು ಸಲ ಜಗ್ಗಿ ನೋಡಿ ಬಂದಳು. "ನಂಗೆ ತಡ ಆದ್ರೆ?"

"ನೀವು ಬರೋವರೆಗೂ ನಾನಿರ್ತೀನಿ. ನೀವು ಹೆಸರು ಬರೆಸಿದವರನ್ನ ಬಿಟ್ಟು ಬೇರೆ ಯಾರು ಬಂದ್ರೂ ಕಳಿಸಲ್ಲ."

ಅಷ್ಟರಲ್ಲಿ ಪಾಠ ಮುಗಿದಿತ್ತು. ಮಕ್ಕಳ ಜೊತೆ ಮೈದಾನಕ್ಕೆ ಹೋಗಿದ್ದ ಚೂಟಿಗೆ ದೊಡ್ಡ ಹುಡುಗಿಯೊಬ್ಬಳು ಹೇಳುತ್ತಿದ್ದಳು: "ಗೆರೆಯಿಂದ ಗೆರೆಗೆ ಅರವತ್ತು ಹೆಜ್ಜೆ. ಕಾಲು ಭಾಗಕ್ಕೆ ಹೋಗಿ ನಿಂತ್ಕೋ." ಚೂಟಿ ಹೋಗಿ ನಿಂತಳು. "ಈಗ ಮೂರರಲ್ಲಿ ಒಂದು ಭಾಗ." ಚೂಟಿ ಬೆರಳು ಮಡಿಸಿದಳು, ಐದು ಹೆಜ್ಜೆ ಮುಂದೆ ನಡೆದು ತಿರುಗಿದಳು. "ಸರೀನಾ? ಇನ್ನೊಂದು ಹೇಳು!"

ಇನ್ನೊಂದು ಹೇಳು ಎಂದು ಮಗಳು ಲೆಕ್ಕ ಕೇಳಿದ್ದನ್ನು ತಾಯಿ ಈ ಮೊದಲು ಕೇಳಿರಲಿಲ್ಲ.

ಮರುದಿನ ಕೆಲಸ ಶುರುಮಾಡುವ ಮೊದಲೇ ಮಾಲೀಕನ ಮುಂದೆ ನಿಂತಳು. "ಸರ್, ಚೂಟಿ ಇನ್ನು ಬರಲ್ಲ. ಸಂಜೆ ಆ ಜೆರ್ಸಿಯವರ ಕೇಂದ್ರಕ್ಕೆ ಹೋಗ್ತಾಳೆ. ಪರೀಕ್ಷೆ ಆದ್ಮೇಲೂ ಬರಲ್ಲ. ಬೇರೆಯವರನ್ನ ನೋಡ್ಕೊಳ್ಳಿ."

"ಚೆಂಡು ಒದ್ದು ಏನು ಕಡಿದು ಕಟ್ಟೆ ಹಾಕ್ತಾಳೆ?"

"ಎಂಟನೇ ಕ್ಲಾಸಿಗೆ ಹೋಗ್ತಾಳೆ. ಸದ್ಯಕ್ಕೆ ಅಷ್ಟು ಸಾಕು."

ವರ್ಷದ ಪರೀಕ್ಷೆಯಲ್ಲಿ ಚೂಟಿ ಶಾಲೆಗೇ ಮೊದಲಿಗಳೇನೂ ಆಗಲಿಲ್ಲ. ಲೆಕ್ಕದಲ್ಲಿ ಮೂವತ್ತೆಂಟು ಬಂತು. ಪಾಸು. ಎಂಟನೇ ತರಗತಿಯ ಹಾಜರಿಯಲ್ಲಿ ಅವಳ ಹೆಸರಿದೆ.

ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಹತ್ತಿರ ಇಂಥ ಕೇಂದ್ರ ಇದೆಯೇ ಎಂದು ಶಾಲೆಯಲ್ಲಿ ಕೇಳಿ. ಇದ್ದರೆ ಯಾರ ಮಾತನ್ನೂ ನಂಬಿ ಕಳಿಸಬೇಡಿ, ನಮ್ಮ ಮಾತನ್ನೂ ಸಹ. ಒಂದು ಸಂಜೆ ಹೇಳದೆ ಕೇಳದೆ ಹೋಗಿ ಬಾಗಿಲಲ್ಲಿ ನಿಲ್ಲಿ. ಪಾಠ ನಡೆಯುತ್ತಿದೆಯೇ, ಹೆಣ್ಣುಮಕ್ಕಳಿಗೂ ಚೆಂಡು ಸಿಗುತ್ತಿದೆಯೇ, ಮಕ್ಕಳನ್ನು ಯಾರ ಜೊತೆ ಕಳಿಸುತ್ತಾರೆ, ಎಲ್ಲ ನೋಡಿ. ಒಪ್ಪಿಗೆಯಾದರೆ ನಾಳೆಯೇ ಹೆಸರು ಬರೆಸಿ. ಮಗುವನ್ನು ಕೆಲಸಕ್ಕೆ ಹಚ್ಚುತ್ತೇನೆಂದು ಯಾರಿಗಾದರೂ ಮಾತು ಕೊಟ್ಟಿದ್ದೀರಾ? ಆ ಮಾತು ಮುರಿಯಿರಿ. ಪಾಪ ಬರುವುದಿಲ್ಲ.